ಎ ಗುಂಪು, ಬಿ ಗುಂಪು

ಮೇ 12, 2003, ಸೋಮವಾರ

ಬೆಳಿಗ್ಗೆ ಐದೂವರೆಗೇ ನೀರಿನ ಲಾರಿ ಬಂದು ಹಾರ್ನ್ ಹೊಡೆಯಿತು. ಮದ್ರಾಸಿನ ಪೆರಂಬೂರಿನ ನಮ್ಮ ಬೀದಿಗೆ ಬೀದಿಯೇ ಪ್ಲಾಸ್ಟಿಕ್ ಕೊಡ ಹಿಡಿದು ಓಡಿತು, ನಾನೂ ಓಡಿದೆ. ಎಂಟು ಕೊಡ ಸಿಕ್ಕಿತು. ಅದರಲ್ಲೇ ಸ್ನಾನ, ಅಡುಗೆ ಮುಗಿಸಿ ಬೆವರುತ್ತ ಕೋಡಂಬಾಕ್ಕಂ ಆಫೀಸು ಮುಟ್ಟುವ ಹೊತ್ತಿಗೆ ಡಾ. ರಘುರಾಮರ ಫೋನು. ಔಷಧಿ ಪ್ರಯೋಗಗಳ ಮೇಲೆ ಕಣ್ಣಿಡುವ ನಮ್ಮ ಸಮಿತಿಯ ಅಧ್ಯಕ್ಷರು, ತೆಲುಗಿನವರು, ಮಾತೆಲ್ಲ ಇಂಗ್ಲಿಷಿನಲ್ಲಿ. ಅವರು ಸಿಹಿಯಾಗಿ ಮಾತಾಡಿದರೆಂದರೆ ನನ್ನ ತಲೆಗೆ ಏನೋ ಕಟ್ಟಲಿದ್ದಾರೆ ಎಂದೇ ಲೆಕ್ಕ.

ಕಟ್ಟಿದರು. ಸಮಿತಿಯಿಂದ ಇಬ್ಬರು ಹೋದರಲ್ಲ, ಒಬ್ಬರು ದೆಹಲಿಗೆ ವರ್ಗವಾಗಿ, ಇನ್ನೊಬ್ಬರು ಆರೋಗ್ಯ ಕೆಟ್ಟು. ಅವರ ಜಾಗಕ್ಕೆ ಬರುವ ಹೊಸಬರಿಬ್ಬರಿಗೆ ಜುಲೈ ಹತ್ತರ ಸಭೆಯೊಳಗೆ ನಾನು ಪಾಠ ಹೇಳಬೇಕಂತೆ. ಒಬ್ಬ ಅರವಿಂದ್, ಮೈಸೂರಿನಿಂದ ಹೋದ ವರ್ಷ ಬಂದ ಹೃದಯದ ಡಾಕ್ಟರು. ಇನ್ನೊಬ್ಬರು ಜಯಲಕ್ಷ್ಮೀ, ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು, ನಮ್ಮ ಪೆರಂಬೂರಿನವರೇ. ಇಬ್ಬರೂ ಕನ್ನಡದವರು, ನಿಮಗೆ ಸುಲಭವಾಯಿತಲ್ಲ ಎಂದು ನಕ್ಕರು. ಡಾಕ್ಟರು ಸರಿ. ಸಂಖ್ಯಾಶಾಸ್ತ್ರದ ಗಂಧ ಗಾಳಿ ಇಲ್ಲದ ನರ್ಸಮ್ಮನನ್ನು ಎರಡು ತಿಂಗಳಲ್ಲಿ ಏನು ತಯಾರು ಮಾಡಲಿ? ಸಮಿತಿಯಲ್ಲಿ ರೋಗಿಗಳ ಕಡೆಯಿಂದ ಯೋಚಿಸುವವರು ಒಬ್ಬರಿರಬೇಕಂತೆ. ಹಾಗಾದರೆ ಆರು ವರ್ಷದಿಂದ ನಾನು ಯಾರ ಕಡೆಯಿಂದ ಯೋಚಿಸುತ್ತಿದ್ದೆನೋ!

ಮೇ 20, ಮಂಗಳವಾರ

ಮೊದಲ ಪಾಠ. ಕರೆಂಟು ಇಲ್ಲ, ಫ್ಯಾನು ಇಲ್ಲ, ತಲೆ ಚಿಟ್ಟು ಹಿಡಿದು ಹೋಯಿತು. ಆದರೂ ಚೆನ್ನಾಗಿಯೇ ಹೇಳಿದೆ ಎನ್ನಬೇಕು.

ಹೃದಯದ ಶಕ್ತಿ ಕುಂದಿದವರಿಗೆ ಒಂದು ಹೊಸ ಮಾತ್ರೆ. ಹದಿನಾಲ್ಕು ಆಸ್ಪತ್ರೆಗಳಲ್ಲಿ ಆರುನೂರು ಜನರನ್ನು ಸೇರಿಸುವ ಪ್ರಯೋಗ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡಲು ಅದರಂತೆಯೇ ಇರುವ ಸುಳ್ಳು ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ನಡುನಡುವೆ ಎಷ್ಟು ಜನ ಸತ್ತರು ಎಂದು ಇಣುಕಿ ನೋಡಿ, ಪ್ರಯೋಗ ಮುಂದುವರಿಯಲಿ ಅಥವಾ ನಿಲ್ಲಲಿ ಎಂದು ಹೇಳುವವರು ನಾವು ನಾಲ್ವರು ಮಾತ್ರ. ನಮಗೂ ಎ ಗುಂಪು, ಬಿ ಗುಂಪು ಎಂದಷ್ಟೇ ಕೊಡುತ್ತಾರೆ. ಯಾವ ಗುಂಪಿಗೆ ಯಾವ ಮಾತ್ರೆ ಎಂಬುದು ಅರಗು ಹಾಕಿದ ಲಕೋಟೆಯಲ್ಲಿದೆ, ಲಕೋಟೆ ನನ್ನ ಬೀರುವಿನಲ್ಲಿದೆ. ಇದಕ್ಕೆ ಮುಂಚಿನ ಮೂರು ಪ್ರಯೋಗಗಳಲ್ಲೂ ಕೆಲಸ ಮುಗಿಯುವ ತನಕ ಒಂದು ಲಕೋಟೆಯನ್ನೂ ಒಡೆಯಲಿಲ್ಲ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ.

ಸಿಸ್ಟರ್ ಜಯಲಕ್ಷ್ಮೀ ಬೀಸಣಿಗೆ ಬೀಸಿಕೊಳ್ಳುತ್ತ ಕೇಳಿದರು, "ಯಾವುದು ಯಾವುದೂಂತ ತಿಳೀದೆ ಹೆಂಗಮ್ಮಾ ಕಾಪಾಡೋದು?"

"ತಿಳಿದರೆ ಮನಸ್ಸು ಒಂದು ಕಡೆ ವಾಲುತ್ತೆ ಸಿಸ್ಟರ್. ತಿಳೀದಿದ್ದರೆ ವಾಲೋದಿಲ್ಲ."

"ಹಂಗಾ?" ಎಂದರು. ಅಷ್ಟೇ. ಆ "ಹಂಗಾ" ಸಂಜೆ ಮನೆಗೆ ಬರುವ ತನಕ ಕಿವಿಯಲ್ಲಿತ್ತು.

ಮೇ 28, ಬುಧವಾರ

ಇವತ್ತು ನನ್ನ ಹಳೆಯ ಪರೀಕ್ಷೆ ಇಟ್ಟೆ. ಸುಳ್ಳು ಅಂಕಿಗಳ ವರದಿಯೊಂದನ್ನು ಇಬ್ಬರಿಗೂ ಬೇರೆ ಬೇರೆ ಕೋಣೆಯಲ್ಲಿ ಓದಲು ಕೊಟ್ಟು, ಕಾಫಿ ತರುತ್ತೇನೆಂದು ಆಚೆ ಹೋಗಿ, ಪಕ್ಕದ ಕೋಣೆಯಿಂದ ಫೋನು ಮಾಡುವುದು. ನಾನು ಮಾತ್ರೆ ಕಂಪನಿಯವಳು, "ಏನ್ ಸಾರ್, ಹೇಗಿದೆ ನಮ್ಮ ಪ್ರಯೋಗ?" ಎಂದು ಕೇಳುವುದು. ಅರವಿಂದ್ ಪಾಪ, "ನಾನು ಏನೂ ಹೇಳೋ ಹಾಗಿಲ್ಲ... ಆದರೆ ಯೋಚನೆ ಮಾಡಬೇಡಿ" ಎಂದುಬಿಟ್ಟ. ಯೋಚನೆ ಮಾಡಬೇಡಿ ಎಂದರೆ ಎಲ್ಲ ಹೇಳಿದ ಹಾಗೇ ಆಯಿತಲ್ಲವೇ! ಅರ್ಧ ಗಂಟೆ ಬೈದೆ. ಮಾತು ಬೇಡ, ಮುಖವೂ ಏನೂ ಹೇಳಬಾರದು ಎಂದೆ. ಹುಡುಗ ಕೆಂಪಾಗಿ ಕೂತಿದ್ದ.

ಸಿಸ್ಟರಿಗೆ ಫೋನು ಮಾಡಿದರೆ, "ಊಟ ಆಯ್ತಾಮ್ಮಾ?" ಎಂದರು. ನಾನು ಮತ್ತೆ ಕೇಳಿದೆ. "ಬಿಸಿಲು ಜಾಸ್ತಿ, ಮೋರು ಕುಡೀರಿ" ಎಂದರು, ಇಲ್ಲಿ ಮಜ್ಜಿಗೆಗೆ ಮೋರು. ಮೂರನೇ ಸಲ ಕೇಳಿದ್ದಕ್ಕೆ ಫೋನು ಇಟ್ಟೇಬಿಟ್ಟರು. ಕೋಣೆಗೆ ವಾಪಸು ಹೋದರೆ ನಗುತ್ತಿದ್ದಾರೆ. "ನಲವತ್ತು ವರ್ಷ ವಾರ್ಡಿನ ಬಾಗಿಲಲ್ಲಿ ಇದೇ ಕೇಳಿದ್ದಾರಮ್ಮಾ ಎಲ್ಲಾ. ಹೇಳೋ ಹಂಗಿದ್ರೆ ತಾನೆ ಹೇಳೋದು?"

ನನಗೂ ನಗು ಬಂತು. ನರ್ಸಮ್ಮ ಪರವಾಗಿಲ್ಲ.

ಜೂನ್ 3, ಮಂಗಳವಾರ

ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿದೆ, ಮತ್ತೆ ಏರಿಸಿದೆ. ಮೋಹನ್ ಫ್ಯಾಕ್ಟರಿಯಿಂದ ಬಂದವರು, "ಯಾರಾದರೂ ಬರ್ತಾ ಇದಾರೇನೇ?" ಎಂದರು. ಇಪ್ಪತ್ತೈದು ವರ್ಷದ ಗಂಡನಿಗೂ ಹೇಳುವಂತಿಲ್ಲ. ಜನವರಿಯ ಸಭೆಯಲ್ಲಿ ನೋಡಿದ್ದು ತಲೆಯೊಳಗೆ ಕೂತಿದೆ. ಅಂಕಿ ಇಲ್ಲೂ ಬರೆಯುವುದಿಲ್ಲ. ಬಿ ಗುಂಪಿನಲ್ಲಿ ಸತ್ತವರು ಹೆಚ್ಚು, ಅಷ್ಟೇ. ಬಿ ಎಂದರೆ ಯಾವುದೋ ಏನೋ, ಊಹೆ ಮಾಡಬಾರದು. ಹಿಂದಿನ ಮೂರೂ ಪ್ರಯೋಗಗಳಲ್ಲಿ ಕೊನೆಗೆ ನೋಡಿದರೆ ಎ ಎಂದರೆ ಹೊಸ ಔಷಧಿಯೇ ಆಗಿತ್ತು, ಅದು ಬೇರೆ ಮಾತು.

ಜೂನ್ 8, ಭಾನುವಾರ

ತಿರುವೊಟ್ಟಿಯೂರಿಗೆ ಹೋಗಿದ್ದೆ. ಅನಸೂಯ ಚಿಕ್ಕಮ್ಮನ ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಬಿ.ಎಸ್ಸಿ. ಆದದ್ದೇ ಮದುವೆ ಎಂದು ಅಪ್ಪ ಕೂತಾಗ, "ಎಂ.ಎಸ್ಸಿ. ಓದ್ಲಿ ಭಾವ, ನನ್ನ ಮನೇಲಿ ಇದ್ಕೊಂಡು ಓದ್ಲಿ" ಎಂದು ಈ ಮದ್ರಾಸಿಗೆ ಕರೆತಂದವಳು ಇವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ ಮಾಡಿ ಬಂದು ನನಗೆ ಡಬ್ಬಿ ಕಟ್ಟಿದವಳು.

ಕಾಫಿ ಕೊಟ್ಟು ನನ್ನ ಮುಂದೆ ಒಂದು ಕಾಗದ ಇಟ್ಟಳು. ಆಸ್ಪತ್ರೆಯವರು ಕೊಟ್ಟದ್ದು. ಹೆಸರು ನೋಡಿದೆ. ನಮ್ಮದೇ ಪ್ರಯೋಗ.

"ಹೊಸ ಮಾತ್ರೆ ಅಂತೆ ಕಣೇ. ಇಷ್ಟ ಇದ್ರೆ ಸೇರಿ, ಇಲ್ದಿದ್ರೆ ಬಿಡಿ ಅಂದ್ರು. ನಮ್ಮ ಮಗರಾಯ ಕಮಲಾಕರ ಬೇಡಮ್ಮಾ ಅಂತಾನೆ. ಅವನಿಗೇನು ಗೊತ್ತು, ಫ್ಯಾಕ್ಟರಿ ಬಿಟ್ರೆ ಮನೆ. ನೀನು ಇದೇ ಕೆಲಸದಲ್ಲಿ ಇರೋಳು. ಸೇರ್ಲಾ ಬೇಡ್ವಾ, ನೀನು ಹೇಳು."

ಸಿಸ್ಟರ್ ಹಾಗೆ ಊಟ ಆಯ್ತಾ ಎಂದು ಕೇಳಬೇಕಿತ್ತು ನಾನು. ಗಂಟಲಿಗೆ ಬಂದಿತ್ತು. ಆದರೆ ಚಿಕ್ಕಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು, ಉಸಿರು ಎಳೆಯುತ್ತ. "ಸೇರು ಚಿಕ್ಕಮ್ಮಾ, ಒಳ್ಳೇದೇ ಆಗುತ್ತೆ" ಎಂದೆ.

"ಅಷ್ಟು ಸಾಕು ನಂಗೆ" ಎಂದು ಅಲ್ಲೇ ಸಹಿ ಹಾಕಿದಳು. ನಾಳೆ ಕಮಲಾಕರ ಕರೆದುಕೊಂಡು ಹೋಗುತ್ತಾನೆ.

ಜೂನ್ 9, ಸೋಮವಾರ

ನಾನೇನೂ ಅಂಕಿ ಹೇಳಲಿಲ್ಲ. ಯಾರೇ ಸೊಸೆ, ಮಗಳು ಆಗಿದ್ದರೂ ಅದನ್ನೇ ಹೇಳುತ್ತಿದ್ದರು. ಅದೂ ಅಲ್ಲದೆ ಅರ್ಧಕ್ಕರ್ಧ ಸುಳ್ಳು ಮಾತ್ರೆಯೇ ಸಿಗಬಹುದು. ಸುಳ್ಳು ಮಾತ್ರೆ ಸಿಕ್ಕರೆ ಏನು ಗತಿ ಎಂದು ಇಡೀ ದಿನ ಪರದಾಡಿದೆ. ದೇವರೇ, ಎ ಗುಂಪಿಗೆ ಬೀಳಲಿ.

ಜೂನ್ 21, ಶನಿವಾರ

ಗೆರೆಗಳ ಪಾಠ. ಎರಡು ಗುಂಪಿನ ನಡುವಿನ ಅಂತರ ಎಷ್ಟಾದರೆ ಪ್ರಯೋಗ ನಿಲ್ಲಿಸಬೇಕು ಎನ್ನುವುದಕ್ಕೆ ಮೊದಲೇ ಗೆರೆ ಎಳೆದಿರುತ್ತೇವೆ. ಮಾತ್ರೆ ಜೀವ ಉಳಿಸುತ್ತಿದೆ ಎಂದು ನಡುವೆಯೇ ನಿಲ್ಲಿಸಲು ಗಟ್ಟಿ ಪುರಾವೆ ಬೇಕು, ಆ ಗೆರೆ ದೂರ. ಮಾತ್ರೆಯೇ ಜೀವ ತೆಗೆಯುತ್ತಿದೆ ಎಂದಾದರೆ ಅಷ್ಟು ಪುರಾವೆಗೆ ಕಾಯುವುದಿಲ್ಲ, ಆ ಗೆರೆ ಹತ್ತಿರ. ಎರಡಕ್ಕೂ ಒಂದೇ ಅಳತೆಯಲ್ಲ.

ನಾಣ್ಯ ಕೊಟ್ಟು ಇಪ್ಪತ್ತು ಸಲ ಚಿಮ್ಮಿಸಿದೆ. ಮೊದಲ ಆರರಲ್ಲಿ ಐದು ತಲೆ ಬಿದ್ದದ್ದಕ್ಕೆ ಅರವಿಂದ್ ಹಿಗ್ಗಿದ, ಇಪ್ಪತ್ತಾಗುವಷ್ಟರಲ್ಲಿ ಹತ್ತಕ್ಕೆ ಹತ್ತು. ಅವಸರಪಟ್ಟರೆ ಮೋಸಹೋಗುವುದು ಹೀಗೆ ಎಂದೆ. ಸಿಸ್ಟರ್ ತಮ್ಮ ಪುಸ್ತಕದಲ್ಲಿ ಎಲ್ಲ ಬರೆದುಕೊಂಡರು. "ನಂಗೆ ಲೆಕ್ಕ ಕಣಕ್ಕು ಬರಲ್ಲಮ್ಮಾ, ಆದ್ರೆ ನೀವು ಹೇಳೋದು ಒಂದೂ ಬಿಡಲ್ಲ" ಎಂದರು. ಒಳ್ಳೆಯ ಶಿಷ್ಯೆ.

ಸಂಜೆ ಚಿಕ್ಕಮ್ಮನ ಫೋನು. ಉಸಿರು ಸ್ವಲ್ಪ ಹಗುರಾಗಿದೆಯಂತೆ. "ನಿನ್ನ ಮಾತ್ರೆ ಕಣೇ" ಎಂದಳು. ನನ್ನ ಮಾತ್ರೆಯಲ್ಲ ಎಂದು ರೇಗಿದೆ. ಅವಳು ಬೇಜಾರು ಮಾಡಿಕೊಂಡು ಫೋನು ಇಟ್ಟಳು. ಆಮೇಲೆ ನಾನೇ ಮಾಡಿ ಸಮಾಧಾನ ಹೇಳಿದೆ.

ಜುಲೈ 3, ಗುರುವಾರ

ಗುಪ್ತ ವರದಿ ಬಂತು. ಬಾಗಿಲು ಹಾಕಿಕೊಂಡು ಓದಿದೆ. ಬರೆಯಬಾರದು, ಆದರೆ ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ. ಜನವರಿಯಲ್ಲಿ ಹನ್ನೊಂದು, ಹದಿನೆಂಟು ಇತ್ತು. ಈಗ ಮಾತ್ರೆಯವರು ಹತ್ತೊಂಬತ್ತು, ಸುಳ್ಳು ಮಾತ್ರೆಯವರು ಮೂವತ್ತನಾಲ್ಕು. ಗೆರೆ ಇನ್ನೂ ದಾಟಿಲ್ಲ. ಮುಂದುವರಿಯಲೇಬೇಕು.

ಮಾತ್ರೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಿರುವಾಗ ಚಿಕ್ಕಮ್ಮನಿಗೆ ಅದು ಸಿಕ್ಕಿದೆಯೋ ಇಲ್ಲವೋ ಎಂಬುದೊಂದೇ ಈಗ. ಉಸಿರು ಹಗುರಾಗಿದೆ ಎಂದಳಲ್ಲ, ಸಿಕ್ಕಿರಬೇಕು. ಪಲ್ಯ ಸೀದುಹೋಯಿತು. ಮೋಹನ್ ಅದನ್ನೇ ತಿಂದರು.

ಜುಲೈ 7, ಸೋಮವಾರ

ಸಭೆಯಲ್ಲಿ ಸಹಿ ಮಾಡುವ ಹಾಳೆಯನ್ನು ತೆಗೆದು ನೋಡಿದೆ. "ಈ ಪ್ರಯೋಗದಲ್ಲಿ ನನ್ನ ಕುಟುಂಬದವರು ಯಾರೂ ಇರುವುದಿಲ್ಲ." ಕುಟುಂಬ ಎಂದರೆ ಗಂಡ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು ಎಂದು ಕೆಳಗೆ ಸಣ್ಣಕ್ಷರದಲ್ಲಿದೆ. ಚಿಕ್ಕಮ್ಮ ಇಲ್ಲ. ಅಲ್ಲಿಗೆ ಮುಗಿಯಿತು. ಮುಗಿದ ಮೇಲೂ ನಾಲ್ಕು ಸಲ ಓದಿದೆ.

ಜುಲೈ 10, ಗುರುವಾರ, ಸಂಜೆ

ನಡೆದದ್ದನ್ನು ನಡೆದಂತೆ ಬರೆಯಬೇಕು.

ಮೊದಲು ಸಹಿಯ ಹಾಳೆ. ನಾನು ಹಾಕಿದೆ. ಸಿಸ್ಟರ್ ಪೆನ್ನು ಹಿಡಿದು, "ನಮ್ಮ ಪಕ್ಕದ ಮನೆ ಹರಿದಾಸರ ಅಣ್ಣ ಈ ಮಾತ್ರೆ ತಗೋತಾ ಇದಾರೆ ಅಂತ ಹೋದ ವಾರ ತಿಳೀತು. ಅದನ್ನೂ ಬರೀಬೇಕಾಮ್ಮಾ?" ಎಂದರು. ಬೇಕಿಲ್ಲ ಎಂದೆ. "ಇರ್ಲಿ, ಬರೀತೀನಿ. ಮರೆಮಾಚಿದ ಹಂಗೆ ಆಗ್ಬಾರ್ದು" ಎಂದು ಬರೆದರು. ನಾನು ಕಿಟಕಿಯ ಕಡೆ ನೋಡಿದೆ.

ಅಂಕಿಗಳನ್ನು ನಾನೇ ಹೇಳಿದೆ. ಎ ಹತ್ತೊಂಬತ್ತು, ಬಿ ಮೂವತ್ತನಾಲ್ಕು. ಗೆರೆ ದಾಟಿಲ್ಲ, ಮುಂದುವರಿಯಲಿ ಎಂದೆ. ರಘುರಾಮರು ತಲೆಯಾಡಿಸಿದರು. ಅರವಿಂದ್ ನನ್ನ ಮುಖ ನೋಡಿ ತಾನೂ ಆಡಿಸಿದ. ಸಿಸ್ಟರ್ ಪುಸ್ತಕ ತಿರುವುತ್ತಿದ್ದರು.

"ಬಿಯಲ್ಲಿ ಹದಿನೈದು ಜನ ಜಾಸ್ತಿ ಹೋಗಿದಾರೆ. ಅವ್ರು ಏನು ತಿಂತಿದ್ರೂಂತ ನೋಡ್ಬೇಡ್ವಾ?"

"ಗೆರೆ ದಾಟಿಲ್ಲ ಸಿಸ್ಟರ್."

"ಯಾವ ಗೆರೆ? ಎರಡು ಹೇಳಿದ್ರಲ್ಲಮ್ಮಾ. ಒಳ್ಳೇದರದ್ದು ದೂರ, ಕೆಟ್ಟದ್ದರದ್ದು ಹತ್ರ. ಇಲ್ಲಿ ಬರ್ಕೊಂಡಿದೀನಿ."

"ಒಳ್ಳೆಯದರ ಗೆರೆ" ಎಂದೆ.

"ಯಾಕೆ ಅದು?"

ಬಿ ಎಂದರೆ ಸುಳ್ಳು ಮಾತ್ರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾವತ್ತೂ ಹೇಳಿರಲಿಲ್ಲ. ಯಾವಾಗ ಹಾಗೆ ಅಂದುಕೊಂಡೆ ಎಂದು ಹುಡುಕಿದರೆ ಅದೂ ಸಿಗಲಿಲ್ಲ. ಆದರೂ ಸೋಲಲಿಲ್ಲ ನಾನು, ಥೂ. ಲಕೋಟೆ ಒಡೆದರೆ ಪ್ರಯೋಗದ ಶುದ್ಧತೆ ಕೆಡುತ್ತದೆ, ಆರು ವರ್ಷದಲ್ಲಿ ಒಮ್ಮೆಯೂ ಹೀಗಾಗಿಲ್ಲ ಎಂದು ಇಪ್ಪತ್ತು ನಿಮಿಷ ವಾದಿಸಿದೆ. ದನಿಯೂ ಏರಿತ್ತು. ನಾನು ಮುಗಿಸಿದ ಮೇಲೆ ರಘುರಾಮರು ಮೆಲ್ಲನೆ, ಒಡೆಯಿರಿ ಮಾಧವಿ ಎಂದರು.

ಬೀರು ತೆಗೆದೆ. ಕತ್ತರಿಸಿದೆ. ಒಳಗೆ ಒಂದೇ ಚೀಟಿ, ಎರಡೇ ಸಾಲು. ಎ, ಸುಳ್ಳು ಮಾತ್ರೆ. ಬಿ, ಹೊಸ ಮಾತ್ರೆ.

ಮೂವತ್ತನಾಲ್ಕು ಜನ ಹೊಸ ಮಾತ್ರೆ ನುಂಗಿ ಸತ್ತಿದ್ದರು. ಅಂತರ ಹತ್ತಿರದ ಗೆರೆಯನ್ನು ಆಗಲೇ ದಾಟಿತ್ತು.

"ನನ್ನ ಚಿಕ್ಕಮ್ಮ ಇದರಲ್ಲಿದ್ದಾಳೆ" ಎಂದೆ. ನನಗೇ ಕೇಳಿಸಿತೋ ಇಲ್ಲವೋ. "ಸೇರು ಅಂದವಳು ನಾನೇ. ಒಳ್ಳೇದಾಗುತ್ತೆ ಅಂದೆ." ಅರವಿಂದ್ ಕಣ್ಣು ಬಿಟ್ಟು ನೋಡಿದ. ಫೋನಿನ ಪರೀಕ್ಷೆಗೆ ಅವನನ್ನು ಅರ್ಧ ಗಂಟೆ ಬೈದವಳು ನಾನು. ಆದರೆ ಅವನು ಎದ್ದು ನೀರು ತಂದುಕೊಟ್ಟ. ರಘುರಾಮರು ನನ್ನ ಸಹಿಯ ಹಾಳೆಯನ್ನು ಬೇರೆ ಎತ್ತಿಟ್ಟು, ದಯವಿಟ್ಟು ಆಚೆ ಕೂತಿರಿ ಎಂದರು. ಸರಿಯೇ.

ವರಾಂಡದಲ್ಲಿ ಕೂರಲಾಗಲಿಲ್ಲ. ಆ ತುದಿಯಿಂದ ಈ ತುದಿಗೆ ನಡೆದೆ. ಹತ್ತು ನಿಮಿಷಕ್ಕೆ ಬಂದು, ನಿಲ್ಲಿಸಬೇಕೆಂದು ಮೂವರೂ ಒಪ್ಪಿದ್ದೇವೆ ಎಂದರು ರಘುರಾಮರು. ಪ್ರಯೋಗದ ಮುಖ್ಯ ವೈದ್ಯರಿಗೆ, ಕಂಪನಿಗೆ ಕಾಗದ ಹೋಗಬೇಕು, ಅವರು ಒಪ್ಪಿ ಆಸ್ಪತ್ರೆಗಳಿಗೆ ತಿಳಿಸಬೇಕು, ಒಂದು ವಾರ ಹತ್ತು ದಿನ ಆಗುತ್ತದೆ ಎಂದರು. ಹತ್ತು ದಿನ! ಚಿಕ್ಕಮ್ಮ ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ನುಂಗುತ್ತಾಳೆ. "ಒಂದು ಫೋನು ಸರ್, ಅವಳೊಬ್ಬಳಿಗೆ" ಎಂದು ಕೈ ಮುಗಿದೆ. ನಾಚಿಕೆ ಬಿಟ್ಟು ಬೇಡಿದೆ. ಆಗುವುದಿಲ್ಲ ಎಂದು ತಲೆ ತಗ್ಗಿಸಿದರು.

ಸಿಸ್ಟರ್ ಹಿಂದೆಯೇ ನಿಂತಿದ್ದರು. "ಇವರ ಚಿಕ್ಕಮ್ಮ ನಾಳೆ ಆ ಮಾತ್ರೆ ನುಂಗ್ಬಾರ್ದು, ಅಲ್ವಾ? ಹಂಗಿದ್ರೆ ಯಾರೂ ನುಂಗ್ಬಾರ್ದು." ಎಂದು ನನ್ನ ಕಡೆ ತಿರುಗಿ, "ನಿಮ್ಮೊಬ್ಬರ ಮನೆಗೆ ಫೋನು ಬೇಡಮ್ಮಾ. ಎಲ್ಲರ ಮನೆಗೂ ಆಗ್ಲಿ. ಹದಿನಾಲ್ಕು ಆಸ್ಪತ್ರೆ ತಾನೆ? ಇವತ್ತು ಸಾಯಂಕಾಲದೊಳಗೆ ಆಗತ್ತೆ" ಎಂದರು. ನನಗೆ ಅದು ಹೊಳೆದೇ ಇರಲಿಲ್ಲ.

ಆಮೇಲೆ ಒಳಗೆ ಹೋಗಿ ರಘುರಾಮರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಕಾಗದ ಆಮೇಲೆ ಹೋಗಲಿ, ಮೊದಲು ಬಾಯಲ್ಲಿ ಹೇಳಿ, ವಾರ್ಡಿನಲ್ಲಿ ತಪ್ಪು ಔಷಧಿ ಹೋದರೆ ಕಾಗದ ಬರೆದು ಕಾಯುತ್ತೀವಾ ಎಂದು ಕೇಳಿದರಂತೆ. ಅರವಿಂದ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ಇನ್ನೂ ಜೋರಾಗಿ ಹೇಳಿದನಂತೆ. ಮುಖ್ಯ ವೈದ್ಯರು ನಾಲ್ಕಕ್ಕೆ ಸಿಕ್ಕರು, ಕಂಪನಿಯವರು ಐದೂವರೆಗೆ ಒಪ್ಪಿದರು. ಇವತ್ತು ಆಸ್ಪತ್ರೆಗಳಿಗೆ, ನಾಳೆ ಬೆಳಿಗ್ಗೆಯಿಂದ ಮನೆಮನೆಗೆ ಫೋನು. ಸಮಿತಿ ಬಿಡುತ್ತೇನೆಂದು ಬರೆದುಕೊಟ್ಟು, ಆಸ್ಪತ್ರೆಯವರಿಗಿಂತ ಮೊದಲು ಚಿಕ್ಕಮ್ಮನಿಗೆ ಫೋನು ಮಾಡುವುದಿಲ್ಲ ಎಂದು ರಘುರಾಮರಿಗೆ ಮಾತು ಕೊಟ್ಟು ನಾನು ಹೊರಟಾಗ ಸಿಸ್ಟರ್ ಬಸ್ ಸ್ಟಾಪಿನ ತನಕ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ನನ್ನ ಕೈ ಹಿಡಿದುಕೊಂಡಿದ್ದರು.

ಜುಲೈ 11, ಶುಕ್ರವಾರ

ಏಳು ಗಂಟೆ. ಚಿಕ್ಕಮ್ಮ ಎದ್ದಿರುತ್ತಾಳೆ. ನಾನು ಫೋನು ಮಾಡುವಂತಿಲ್ಲ. ಸಮಿತಿಯಲ್ಲಿ ಇಲ್ಲದಿದ್ದರೂ ನಿನ್ನೆ ಕೊಟ್ಟ ಮಾತು ಮಾತೇ.

ಏಳೂ ನಲವತ್ತು. ತಿಂಡಿಯ ಹೊತ್ತು. ಮೋಹನ್ ರಜೆ ಹಾಕಿದ್ದಾರೆ. ನಿನ್ನೆ ರಾತ್ರಿ ಎಲ್ಲ ಹೇಳಿದೆ. "ಕೂತ್ಕೋ ಮಾಧವಿ" ಎನ್ನುತ್ತಾರೆ. ಎಲ್ಲಿ ಕೂರಲಿ?

ಎಂಟೂಕಾಲಿಗೆ ಫೋನು ಬಂತು.

"ಮಾಧೂ, ಆಸ್ಪತ್ರೆಯಿಂದ ಯಾರೋ ಹುಡುಗಿ ಮಾಡಿದ್ಲು ಕಣೇ. ಇವತ್ತಿಂದ ಮಾತ್ರೆ ನಿಲ್ಸಿ ಅಂತಾಳೆ. ನಾನು ಆಗಲ್ಲ ಅಂದೆ."

"ಚಿಕ್ಕಮ್ಮಾ..."

"ಇರು. ನೀನು ಸೇರು ಅಂದ್ಮೇಲೆ ಅವಳ್ಯಾರು ನಿಲ್ಸು ಅನ್ನಕ್ಕೆ? ಒಂದು ತಿಂಗಳಿಂದ ಉಸಿರು ಎಷ್ಟು ಹಗುರಾಗಿದೆ ಗೊತ್ತಾ? ಮಾತ್ರೆ ಕೈಯಲ್ಲೇ ಇದೆ. ನುಂಗ್ಲಾ ಬೇಡ್ವಾ, ನೀನು ಹೇಳು. ನೀನು ಹೇಳ್ದಂಗೆ."

"ನುಂಗಬೇಡ. ಅವರು ಹೇಳಿದ ಹಾಗೆ ಮಾಡು."

"ಅವತ್ತು ಒಳ್ಳೇದು ಅಂದ್ಯಲ್ಲೇ!"

"ಅವತ್ತು ನನಗೆ ಏನೂ ಗೊತ್ತಿರಲಿಲ್ಲ ಚಿಕ್ಕಮ್ಮಾ. ಗೊತ್ತು ಅಂದ್ಕೊಂಡು ಹೇಳಿಬಿಟ್ಟೆ."

ನನ್ನ ಜೀವಮಾನದಲ್ಲಿ ಅವಳೆದುರು ಗೊತ್ತಿಲ್ಲ ಎಂದು ನಾನು ಅಂದದ್ದಿಲ್ಲ.

"ನಂಗೆ ಕೊಟ್ಟಿದ್ದು ನಿಜದ್ದೋ ಸುಳ್ಳಿಂದೋ?"

"ಅದೂ ಗೊತ್ತಿಲ್ಲ."

"ಅದೂ ಗೊತ್ತಿಲ್ವಾ" ಎಂದಳು, ಮೆಲ್ಲನೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸರಿ, ಡಬ್ಬಿಗೆ ಹಾಕ್ದೆ. ಹೆದ್ರಿಕೆ ಆಗ್ತಿದೆ ಕಣೇ. ಬಂದು ಹತ್ರ ಕೂತ್ಕೋ."

ಮೋಹನ್ ಆಟೋ ಕರೆಯಲು ಹೋಗಿದ್ದಾರೆ. ಅವರು ಬರುವ ತನಕ ಇಷ್ಟು ಬರೆದೆ. ಆ ಮೂವತ್ತನಾಲ್ಕು ಜನರೂ ಯಾರನ್ನೋ ಕೇಳಿಯೇ ಸಹಿ ಹಾಕಿರಬೇಕು. ಮಗನನ್ನೋ, ತಂಗಿಯನ್ನೋ, ನನ್ನಂತೆ ಓದಿದವರನ್ನೋ. ಸೇರು ಎಂದು ಯಾರೋ ಹೇಳಿರಬೇಕು. ಅವರ ಮನೆಗಳಿಗೆ ಇವತ್ತು ಯಾವ ಆಸ್ಪತ್ರೆಯಿಂದಲೂ ಫೋನು ಹೋಗುವುದಿಲ್ಲ.